ಹೃದಯದ ಕಾಯಿಲೆ ಇರುವ ನಾಯಿಯನ್ನು ವಿಮಾನದಲ್ಲಿ ಕರೆದೊಯ್ಯಬಹುದೇ?

ಪ್ರಶ್ನೆ: ನಮ್ಮ ಪಿಂಟು ಸ್ಪಿಟ್ಜ್ ನಾಯಿ. 10 ವರ್ಷ, ಆರೂವರೆ ಕೆ.ಜಿ. ಕಳೆದ ಡಿಸೆಂಬರ್‌ನಲ್ಲಿ ಒಂದು ರಾತ್ರಿ ಉಸಿರಾಡಲು ಒದ್ದಾಡಿದ. ಎಕ್ಸ್‌ರೇ ಮಾಡಿ, ಹೃದಯದ ಕವಾಟ ಸೋರುತ್ತಿದೆ, ಶ್ವಾಸಕೋಶದಲ್ಲಿ ನೀರು ತುಂಬಿದೆ ಎಂದರು. ಅಂದಿನಿಂದ ಹೃದಯಕ್ಕೆ ಬಲ ಕೊಡಲು ಪಿಮೋಬೆಂಡಾನ್, ನೀರು ಉಚ್ಚೆಯಲ್ಲಿ ಹೊರಹೋಗಲು ಫ್ಯುರೋಸೆಮೈಡ್ ಮಾತ್ರೆ ಕೊಡುತ್ತಿದ್ದೇವೆ. ಈಗ ಚೆನ್ನಾಗಿದ್ದಾನೆ, ಮೆಟ್ಟಿಲು ಹತ್ತಿದರೆ ಮಾತ್ರ ಸ್ವಲ್ಪ ಕೆಮ್ಮು. ಜೂನ್ ಕೊನೆಗೆ ದೆಹಲಿಯಲ್ಲಿರುವ ಮಗಳಿಗೆ ಹೆರಿಗೆ. ಬಾಣಂತನಕ್ಕೆ ನಾನೂ ನಮ್ಮ ಯಜಮಾನರೂ ಜೂನ್ ಮೊದಲ ವಾರ ಮೈಸೂರಿನಿಂದ ಹೊರಡಬೇಕು. ಐದು ತಿಂಗಳು ಅಲ್ಲೇ. ಇವನನ್ನು ಬಿಟ್ಟು ಹೋಗಲು ಮನಸ್ಸಿಲ್ಲ. ಇವನ ಹೃದಯ ವಿಮಾನ ಪ್ರಯಾಣ ತಡೆದುಕೊಳ್ಳುತ್ತದೆಯೇ? ಅವಿಲ್ ಮಾತ್ರೆ ಕೊಟ್ಟರೆ ದಾರಿಯುದ್ದಕ್ಕೂ ಮಲಗಿರುತ್ತಾನೆ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಅಥವಾ ರೈಲೇ ವಾಸಿಯೇ?
ಓದುಗರು, ಮೈಸೂರು

ಉತ್ತರ: ಕರೆದುಕೊಂಡು ಹೋಗಬಹುದು. ಆದರೆ ನಿಮ್ಮ ಜೊತೆಯಲ್ಲೇ, ನಾಯಿಯ ಚೀಲದಲ್ಲಿ, ನಿಮ್ಮ ಮುಂದಿನ ಸೀಟಿನ ಕೆಳಗೆ. ಲಗೇಜ್ ತುಂಬುವ ಜಾಗದಲ್ಲಿ ಬೇಡವೇ ಬೇಡ. ಅವಿಲ್ ಕೂಡ ಬೇಡ. ಟಿಕೆಟ್ ತೆಗೆಯುವ ಮುಂಚೆ ಒಂದು ಪರೀಕ್ಷೆ ಮಾಡಿಸಬೇಕು, ಮನೆಯಲ್ಲೇ ಒಂದು ಲೆಕ್ಕ ಬರೆದಿಡಬೇಕು. ಅವೆರಡೂ ಸರಿ ಇದ್ದರೆ ಮಾತ್ರ ಈ "ಬಹುದು".

ಎಲ್ಲರೂ ಹೆದರುವುದು ಎತ್ತರಕ್ಕೆ. ಅಲ್ಲಿಂದಲೇ ಶುರು ಮಾಡೋಣ. ವಿಮಾನ ಮೂವತ್ತೈದು ಸಾವಿರ ಅಡಿ ಮೇಲೆ ಹಾರಿದರೂ ಒಳಗಿನ ಗಾಳಿಯ ಒತ್ತಡವನ್ನು 6,000ದಿಂದ 8,000 ಅಡಿ ಎತ್ತರದಲ್ಲಿ ಇರುವಷ್ಟಕ್ಕೆ ಕಾಪಾಡಿರುತ್ತಾರೆ. ಊಟಿ ಇರುವುದು ಸುಮಾರು 7,300 ಅಡಿ ಎತ್ತರದಲ್ಲಿ. ಅಂದರೆ ಒತ್ತಡದ ಮಟ್ಟಿಗೆ ವಿಮಾನದಲ್ಲಿ ಕೂರುವುದೂ ಊಟಿಯಲ್ಲಿ ಕೂರುವುದೂ ಹೆಚ್ಚುಕಮ್ಮಿ ಒಂದೇ. ಮೈಸೂರಿಗೆ ಹೋಲಿಸಿದರೆ ಪ್ರತಿ ಉಸಿರಿನಲ್ಲಿ ಸಿಗುವ ಆಮ್ಲಜನಕ ಹೆಚ್ಚೆಂದರೆ ಐದನೇ ಒಂದು ಭಾಗ ಕಡಿಮೆಯಾಗಬಹುದು. ಶ್ವಾಸಕೋಶ ಚೆನ್ನಾಗಿರುವ ನಾಯಿಗೆ ಇದು ಗೊತ್ತೇ ಆಗುವುದಿಲ್ಲ. ಹಾಗಂತ ಪರೀಕ್ಷೆ ಮಾಡಲು ಪಿಂಟುವನ್ನು ಕಾರಿನಲ್ಲಿ ಊಟಿಗೆ ಕರೆದುಕೊಂಡು ಹೋಗಬೇಡಿ. ಹೀಗೆ ಹೇಳಿದ ಮೇಲೆ ಯಾರಾದರೂ ಒಬ್ಬರು ಹೊರಟೇಬಿಡುತ್ತಾರೆ!

ಹೃದಯದ ನಾಯಿಗೆ ಈ ಎತ್ತರ ಅಪಾಯವಾಗುವುದು ಮುಖ್ಯವಾಗಿ ಎರಡು ಸಂದರ್ಭದಲ್ಲಿ. ಒಂದು, ಶ್ವಾಸಕೋಶದಲ್ಲಿ ಇನ್ನೂ ನೀರಿನ ಪಸೆ ಉಳಿದಿದ್ದರೆ. ಇನ್ನೊಂದು, ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿದ್ದರೆ. ಇದಕ್ಕೆ ನಾವು ಪಲ್ಮನರಿ ಹೈಪರ್‌ಟೆನ್ಷನ್ ಅನ್ನುತ್ತೇವೆ. ಎಡಗಡೆಯ ಕವಾಟ ವರ್ಷಗಟ್ಟಲೆ ಸೋರಿದ ನಾಯಿಗಳಲ್ಲಿ ಇದು ಬರುವುದುಂಟು. ಆಮ್ಲಜನಕ ಕಡಿಮೆಯಾದಾಗ ಶ್ವಾಸಕೋಶದ ರಕ್ತನಾಳಗಳು ಬಿಗಿದುಕೊಳ್ಳುತ್ತವೆ. ಮೊದಲೇ ಬಿಗಿದಿರುವ ನಾಳ ಇನ್ನಷ್ಟು ಬಿಗಿದರೆ ಹೃದಯದ ಬಲಭಾಗಕ್ಕೆ ತಡೆಯಲು ಆಗುವುದಿಲ್ಲ, ನಾಯಿ ತಲೆಸುತ್ತಿ ಬೀಳುತ್ತದೆ. ಇದು ಎಕ್ಸ್‌ರೇಯಲ್ಲಿ ಸರಿಯಾಗಿ ಗೊತ್ತಾಗುವುದಿಲ್ಲ, ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್ ಬೇಕು. ಪಿಂಟುಗೆ ಎಕೋ ಮಾಡಿಸಿದ್ದೀರಾ? ನಿಮ್ಮ ಪತ್ರದಲ್ಲಿ ಅದರ ಮಾತಿಲ್ಲ. ಮಾಡಿಸಿ. ಆ ಒತ್ತಡ ಜಾಸ್ತಿ ಇದೆ ಎಂದು ಬಂದರೆ, ಅಥವಾ ಇತ್ತೀಚೆಗೆ ಒಮ್ಮೆಯಾದರೂ ಎಚ್ಚರ ತಪ್ಪಿ ಬಿದ್ದಿದ್ದರೆ, ವಿಮಾನದ ಯೋಚನೆ ಬಿಟ್ಟುಬಿಡಿ. ಜೊತೆಗೆ ಕಿಡ್ನಿ, ಸೋಡಿಯಂ, ಪೊಟ್ಯಾಸಿಯಂ ತಿಳಿಯಲು ರಕ್ತ ಪರೀಕ್ಷೆಯೂ ಆಗಲಿ. ಫ್ಯುರೋಸೆಮೈಡ್ ತಿನ್ನುವ ನಾಯಿಯಲ್ಲಿ ಇವು ಏರುಪೇರಾಗುತ್ತವೆ.

ಇನ್ನು ಮನೆಯ ಲೆಕ್ಕ. ನನ್ನ ಮಟ್ಟಿಗೆ ಯಾವ ಯಂತ್ರಕ್ಕಿಂತಲೂ ಇದರ ಮೇಲೆ ನಂಬಿಕೆ ಜಾಸ್ತಿ. ಪಿಂಟು ಗಾಢ ನಿದ್ದೆಯಲ್ಲಿದ್ದಾಗ ಪಕ್ಕದಲ್ಲಿ ಕೂತು ಅವನ ಪಕ್ಕೆ ನೋಡಿ. ಒಮ್ಮೆ ಮೇಲೆದ್ದು ಕೆಳಗಿಳಿದರೆ ಒಂದು ಉಸಿರು. ಮೊಬೈಲ್‌ನಲ್ಲಿ ಮೂವತ್ತು ಸೆಕೆಂಡ್ ಇಟ್ಟುಕೊಂಡು ಎಣಿಸಿ, ಎರಡರಿಂದ ಗುಣಿಸಿ. ಕನಸು ಕಾಣುತ್ತಾ ಕಾಲು ಅದುರಿಸುತ್ತಿದ್ದರೆ ಆ ಎಣಿಕೆ ಬಿಟ್ಟುಬಿಡಿ, ಸುಮ್ನೆ ಜಾಸ್ತಿ ತೋರಿಸುತ್ತದೆ. ಔಷಧಿ ಸರಿಯಾಗಿ ಹಿಡಿದಿರುವ ನಾಯಿಯಲ್ಲಿ ಇದು ನಿಮಿಷಕ್ಕೆ 30ರ ಒಳಗೆ ಇರಬೇಕು. ಎಷ್ಟೋ ನಾಯಿಗಳಲ್ಲಿ 20ರ ಆಸುಪಾಸಿನಲ್ಲೇ ಇರುತ್ತದೆ. ದಿನಾ ಒಂದೇ ಹೊತ್ತಿಗೆ ಎಣಿಸಿ ಕ್ಯಾಲೆಂಡರಿನ ಮೇಲೆ ಬರೆಯಿರಿ. ಇಪ್ಪತ್ತರಲ್ಲಿ ಇದ್ದದ್ದು ಎರಡು ಮೂರು ದಿನದಲ್ಲಿ ಇಪ್ಪತ್ತೇಳು ಇಪ್ಪತ್ತೆಂಟಕ್ಕೆ ಏರಿದರೆ, ಮೂವತ್ತು ದಾಟಿಲ್ಲ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಡಾಕ್ಟರಿಗೆ ಫೋನ್ ಮಾಡಿ. ನೀರು ಮತ್ತೆ ಸೇರುತ್ತಿದೆ ಎಂಬ ಸೂಚನೆ ಕೆಮ್ಮಿಗಿಂತ ಮುಂಚೆ ಇಲ್ಲೇ ಸಿಗುತ್ತದೆ.

ನಾನಾದರೆ ಹೊರಡುವ ಮುಂಚಿನ ಎರಡು ತಿಂಗಳಲ್ಲಿ ಉಸಿರಿನ ತೊಂದರೆ ಮರುಕಳಿಸಿರಬಾರದು, ಕೊನೆಯ ಎರಡು ವಾರ ಔಷಧಿಯ ಪ್ರಮಾಣ ಬದಲಾಗಿರಬಾರದು, ಕ್ಯಾಲೆಂಡರಿನ ಅಂಕಿ ನೆಟ್ಟಗಿರಬೇಕು ಅಂತ ಕೇಳುತ್ತೇನೆ. ವಿಮಾನ ಕಂಪನಿ ಕೇಳುವ "ಫಿಟ್ ಟು ಫ್ಲೈ" ಸರ್ಟಿಫಿಕೇಟ್ ಬೇರೆ ವಿಷಯ. ಅದು ಕೌಂಟರ್‌ನಲ್ಲಿ ತೋರಿಸಲು ಬೇಕು, ಪ್ರಯಾಣಕ್ಕೆ ತೀರಾ ಹತ್ತಿರದ ದಿನಾಂಕದ್ದೇ ಆಗಿರಬೇಕು. ಆದರೆ ಸ್ಟೆತಸ್ಕೋಪ್ ಎದೆಗೆ ಇಡದೆಯೇ ಐದು ನಿಮಿಷದಲ್ಲಿ ಸಹಿ ಹಾಕಿಕೊಡುವ ಕ್ಲಿನಿಕ್‌ಗಳೂ ಇವೆ. ಆ ಕಾಗದದಿಂದ ನಾಯಿಗೆ ಏನೂ ಉಪಯೋಗವಿಲ್ಲ. ನಿಮ್ಮ ಡಾಕ್ಟರು ಸಹಿ ಹಾಕಲು ಹಿಂದೆ ಮುಂದೆ ನೋಡಿದರೆ ಬೇಸರ ಮಾಡಿಕೊಳ್ಳಬೇಡಿ. ಯಾಕೆ ಅಂತ ಕೇಳಿ.

ಈಗ ನಿಜವಾದ ತೊಂದರೆಗೆ ಬರುತ್ತೇನೆ. ನಿಮ್ಮ ಪ್ರಯಾಣವನ್ನು ಗಂಟೆಗಳಲ್ಲಿ ಲೆಕ್ಕ ಹಾಕಿ ನೋಡಿ. ಮೈಸೂರಿನ ಮನೆಯಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೆದ್ದಾರಿ ಇದ್ದರೂ ಬೆಂಗಳೂರಿನ ಟ್ರಾಫಿಕ್ ಸೇರಿ ನಾಲ್ಕು ಗಂಟೆ. ನಾಯಿ ಇರುವವರು ಕೌಂಟರಿಗೆ ಬೇಗ ಹೋಗಬೇಕು, ಅಲ್ಲಿ ಎರಡು ಮೂರು ಗಂಟೆ. ಆಮೇಲೆ ದೆಹಲಿಯಲ್ಲಿ ಇಳಿದು ಮಗಳ ಮನೆ ಸೇರಲು ಒಂದೂವರೆ ಗಂಟೆ. ಹತ್ತು ಹನ್ನೊಂದು ಗಂಟೆಯಲ್ಲಿ ಆಕಾಶದಲ್ಲಿ ಇರುವುದು ಮೂರು ಗಂಟೆಗಿಂತ ಕಡಿಮೆ. ಉಳಿದದ್ದೆಲ್ಲ ನೆಲದ ಮೇಲೆ: ಬಿಸಿಲು, ಗದ್ದಲ, ಚೀಲದ ಇಕ್ಕಟ್ಟು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರು ಬಿಟ್ಟೇ ಅದು ಮೈ ತಣ್ಣಗೆ ಮಾಡಿಕೊಳ್ಳಬೇಕು. ಸೋರುವ ಹೃದಯದ ನಾಯಿ ಒಂದು ಗಂಟೆ ಏದುಸಿರು ಬಿಟ್ಟರೆ ಅದೇ ಒಂದು ದೊಡ್ಡ ದುಡಿಮೆ. ಹಾಗಾಗಿ ಮೈಸೂರಿನಿಂದ ಹಿಂದಿನ ದಿನವೇ ಹೊರಡಿ. ಬೆಂಗಳೂರಿನಲ್ಲಿ ನೆಂಟರ ಮನೆಯಲ್ಲಿ ರಾತ್ರಿ ಮಲಗಿ, ಬೆಳಗಿನ ಮೊದಲ ವಿಮಾನ ಹಿಡಿಯಿರಿ. ಎಲ್ಲೂ ಇಳಿದು ಹತ್ತುವ ಗೋಜಿಲ್ಲದ ನೇರ ವಿಮಾನವೇ ಆಗಬೇಕು, ಸಾವಿರ ರೂಪಾಯಿ ಜಾಸ್ತಿಯಾದರೂ ಸರಿ.

ಆ ದಿನ ಬೆಳಿಗ್ಗೆ ಬಹಳ ಜನ ಮಾಡುವ ಒಂದು ಕೆಲಸವಿದೆ. ದಯವಿಟ್ಟು ಅದನ್ನು ನೀವು ಮಾಡಬೇಡಿ. ಫ್ಯುರೋಸೆಮೈಡ್ ಕೊಟ್ಟರೆ ನಾಯಿ ಗಂಟೆಗೊಮ್ಮೆ ಉಚ್ಚೆ ಮಾಡುತ್ತದೆ, ವಿಮಾನದಲ್ಲಿ ಚೀಲ ಒದ್ದೆಯಾದರೆ ಮರ್ಯಾದೆ ಹೋಗುತ್ತದೆ ಅಂತ "ಇವತ್ತೊಂದು ದಿನ" ಆ ಮಾತ್ರೆ ತಪ್ಪಿಸುತ್ತಾರೆ. ನೀರನ್ನೂ ಕೊಡುವುದಿಲ್ಲ. ಎರಡೂ ತಪ್ಪು. ಗಾಬರಿ, ಬಿಸಿಲು, ಎತ್ತರ ಎಲ್ಲ ಒಟ್ಟಿಗೆ ಬೀಳುವ ದಿನವೇ ಶ್ವಾಸಕೋಶಕ್ಕೆ ನೀರು ಬರದಂತೆ ತಡೆಯುವ ಮಾತ್ರೆ ಇಲ್ಲ ಅಂದರೆ ಹೇಗೆ? ವಿಮಾನದೊಳಗಿನ ಗಾಳಿ ತುಂಬಾ ಒಣ. ಮಾತ್ರೆ ಕೊಟ್ಟು ನೀರು ತಪ್ಪಿಸಿದರೆ ಕಿಡ್ನಿಗೆ ಪೆಟ್ಟು. ಹೊತ್ತನ್ನು ಹೊಂದಿಸಿಕೊಳ್ಳಬಹುದು: ನಿಲ್ದಾಣದ ಒಳಗೆ ಹೋಗುವ ಎರಡು ಮೂರು ಗಂಟೆ ಮುಂಚೆ ಮಾತ್ರೆ ಬೀಳುವಂತೆ ನಿಮ್ಮ ಡಾಕ್ಟರನ್ನು ಕೇಳಿ, ಒಂದು ವಾರ ಮುಂಚಿನಿಂದಲೇ ದಿನಕ್ಕೆ ಸ್ವಲ್ಪ ಸ್ವಲ್ಪ ಸರಿಸುತ್ತಾ ಬನ್ನಿ. ಒಳಗೆ ಹೋಗುವ ಮುಂಚೆ ಹೊರಗೆ ಹುಲ್ಲು ಇರುವ ಕಡೆ ನಿಧಾನವಾಗಿ ಅಡ್ಡಾಡಿಸಿ. ಚೀಲದ ತಳಕ್ಕೆ ಹಾಸಲು ದೊಡ್ಡವರ ಡೈಪರ್ ಹಾಳೆಗಳು ಔಷಧಿ ಅಂಗಡಿಯಲ್ಲಿ ಸಿಗುತ್ತವೆ. ಎರಡು ಪದರ ಹಾಸಿ, ಇನ್ನೆರಡನ್ನು ಕೈಚೀಲದಲ್ಲಿ ಇಟ್ಟುಕೊಳ್ಳಿ. ಗಂಡು ನಾಯಿಗೆ ಹೊಟ್ಟೆಗೆ ಸುತ್ತುವ ಪಟ್ಟಿಯೂ ಬರುತ್ತದೆ. ಒದ್ದೆಯಾದರೆ ಆಗಲಿ, ಬದಲಾಯಿಸಿದರಾಯಿತು.

ಊಟ ಲಘುವಾಗಿ, ನಾಲ್ಕೈದು ಗಂಟೆ ಮುಂಚೆ. ದಾರಿಯಲ್ಲಿ ಚಿಪ್ಸ್, ಬಿಸ್ಕತ್ತು, ಉಪ್ಪಿನ ತಿಂಡಿ ಏನೂ ಬೇಡ. ಉಪ್ಪು ನೀರನ್ನು ಹಿಡಿದಿಡುತ್ತದೆ. ಕುತ್ತಿಗೆಗೆ ಬೆಲ್ಟ್ ಬೇಡ, ಎದೆಗೆ ಹಾಕುವ ಹಾರ್ನೆಸ್ ಇರಲಿ. ಕೆಮ್ಮುವ ನಾಯಿಯ ಕತ್ತು ಎಳೆದಷ್ಟೂ ಕೆಮ್ಮು ಜಾಸ್ತಿ.

ಅವಿಲ್ ವಿಷಯ. ಅದು ಅಲರ್ಜಿಯ ಮಾತ್ರೆ. ಕೆಲವು ನಾಯಿಗಳಿಗೆ ಮಂಪರು ಬರುತ್ತದೆ, ಕೆಲವಕ್ಕೆ ಉಲ್ಟಾ ಹೊಡೆದು ಚಡಪಡಿಕೆ ಶುರುವಾಗುತ್ತದೆ. ಅದಕ್ಕಿಂತ ಗಟ್ಟಿಯಾದ ಅಸೆಪ್ರೊಮಜೀನ್ ಅಂತ ಒಂದು ಔಷಧಿಯನ್ನು ಹಿಂದೆ ಪ್ರಯಾಣಕ್ಕೆ ಧಾರಾಳವಾಗಿ ಕೊಡುತ್ತಿದ್ದರು. ಅದು ರಕ್ತದ ಒತ್ತಡವನ್ನು ಇಳಿಸುತ್ತದೆ, ಮೈ ಬಿಸಿ ಕಾಯ್ದುಕೊಳ್ಳುವ ಶಕ್ತಿಯನ್ನೂ ಕೆಡಿಸುತ್ತದೆ. ಹೃದಯದ ನಾಯಿಗೆ ಎರಡೂ ಕೆಟ್ಟದ್ದು. ಅಮೆರಿಕದ ಪಶುವೈದ್ಯರ ಸಂಘವೂ ಪ್ರಯಾಣಕ್ಕೆಂದು ಮಂಪರು ಮದ್ದು ಕೊಡುವುದು ಬೇಡ ಎಂದೇ ಹೇಳುತ್ತದೆ. ಮನೆಯಲ್ಲಿ ದೊಡ್ಡವರಿಗಿರುವ ನಿದ್ದೆ ಮಾತ್ರೆಯಲ್ಲಿ ಕಾಲು ಭಾಗ ಮುರಿದು ಕೊಡುವುದಂತೂ ಬೇಡವೇ ಬೇಡ. ಪಿಂಟು ತುಂಬಾ ಗಾಬರಿಯ ಸ್ವಭಾವದವನಾದರೆ ಗ್ಯಾಬಪೆಂಟಿನ್, ಟ್ರಾಜೊಡೋನ್ ಅಂತ ಸ್ವಲ್ಪ ಮೃದುವಾದ ಔಷಧಿಗಳಿವೆ. ಡಾಕ್ಟರು ಪ್ರಮಾಣ ಬರೆದುಕೊಟ್ಟ ಮೇಲೆ, ಹೊರಡುವ ಎರಡು ವಾರ ಮುಂಚೆ ಮನೆಯಲ್ಲೇ ಒಮ್ಮೆ ಕೊಟ್ಟು ನೋಡಬೇಕು. ಮೊದಲ ಪ್ರಯೋಗ ವಿಮಾನದಲ್ಲಿ ಆಗಬಾರದು. ಮನುಷ್ಯರ ಸಿರಪ್ ತರಬೇಡಿ, ಕೆಲವು ಸಿರಪ್‌ಗಳಲ್ಲಿ ಸಿಹಿಗೆ ಹಾಕುವ ಜೈಲಿಟಾಲ್ ನಾಯಿಗೆ ವಿಷ.

ಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡುವುದು ಚೀಲದ ಅಭ್ಯಾಸ. ಇವತ್ತೇ ಚೀಲ ಕೊಂಡುಕೊಳ್ಳಿ. ಮೆತ್ತನೆಯದು, ಮೂರು ಕಡೆ ಜಾಲರಿ ಇರುವುದು, ಅವನು ಒಳಗೆ ನಿಂತು ತಿರುಗಲು ಆಗುವಂಥದ್ದು. ಜಿಪ್ ತೆಗೆದು ಅವನು ಮಲಗುವ ಮೂಲೆಯಲ್ಲೇ ಇಡಿ, ಒಳಗೆ ನಿಮ್ಮ ಹಳೆಯ ಸೀರೆಯ ತುಂಡು ಹಾಸಿ. ಒಂದು ವಾರ ಊಟ ಅದರೊಳಗೇ. ಆಮೇಲೆ ಜಿಪ್ ಹಾಕಿ ಐದು ನಿಮಿಷ, ಹತ್ತು ನಿಮಿಷ. ಆಮೇಲೆ ಆಟೋದಲ್ಲಿ ಒಂದು ಸುತ್ತು. ಮೂರು ಗಂಟೆ ಅದರಲ್ಲಿ ಸುಮ್ಮನೆ ಮಲಗುವ ಹಾಗಾದರೆ ನಿಮ್ಮ ಅರ್ಧ ಚಿಂತೆ ಮುಗಿಯಿತು. ನಾಲ್ಕು ವಾರವಾದರೂ ಚೀಲದೊಳಗೆ ಕೆರೆದು, ಬೊಗಳಿ, ನಾಲಿಗೆ ಹೊರಹಾಕಿ ಏದುಸಿರು ಬಿಡುತ್ತಿದ್ದರೆ, ಎಕೋ ಎಷ್ಟೇ ಚೆನ್ನಾಗಿ ಬಂದಿದ್ದರೂ ನಾನು ವಿಮಾನ ಬೇಡ ಅನ್ನುತ್ತೇನೆ.

ಕಂಪನಿಯ ಆಯ್ಕೆ ಜಾಸ್ತಿ ಇಲ್ಲ. ಇಂಡಿಗೋ ಸಾಕುಪ್ರಾಣಿಗಳನ್ನು ಹತ್ತಿಸಿಕೊಳ್ಳುವುದಿಲ್ಲ. ಏರ್ ಇಂಡಿಯಾ, ಆಕಾಶ ಏರ್ ಹತ್ತಿಸಿಕೊಳ್ಳುತ್ತವೆ. ಚೀಲ ಸೇರಿ ಇಷ್ಟು ಕೆ.ಜಿ. ಮೀರಬಾರದು, ಒಂದು ವಿಮಾನಕ್ಕೆ ಇಷ್ಟೇ ಪ್ರಾಣಿ ಅಂತ ನಿಯಮಗಳಿವೆ, ಆಗಾಗ ಬದಲಾಗುತ್ತವೆ. ಆರೂವರೆ ಕೆ.ಜಿ. ನಾಯಿಗೆ ಎರಡೂವರೆ ಕೆ.ಜಿ. ಚೀಲ ಕೊಂಡು ತೂಕದಲ್ಲಿ ಸಿಕ್ಕಿಹಾಕಿಕೊಳ್ಳಬೇಡಿ. ನಿಮ್ಮ ಟಿಕೆಟ್‌ಗಿಂತ ಮುಂಚೆ ನಾಯಿಯ ಜಾಗ ಖಚಿತ ಮಾಡಿಕೊಳ್ಳಿ, ಫೋನಿನಲ್ಲಿ "ಆಯ್ತು" ಅಂದರೆ ಸಾಲದು, ಇಮೇಲ್‌ನಲ್ಲಿ ಬರಲಿ. ಭದ್ರತಾ ತಪಾಸಣೆಯಲ್ಲಿ ಚೀಲ ಮಾತ್ರ ಎಕ್ಸ್‌ರೇ ಯಂತ್ರಕ್ಕೆ ಹೋಗುತ್ತದೆ, ನಾಯಿಯನ್ನು ನೀವು ಎತ್ತಿಕೊಂಡು ಹೋಗಬೇಕು. ಇಡೀ ಪ್ರಯಾಣದಲ್ಲಿ ನಾಯಿಗಳು ತಪ್ಪಿಸಿಕೊಂಡು ಓಡುವ ಸಾಧ್ಯತೆ ಇರುವುದು ಅಲ್ಲೇ. ಹಾರ್ನೆಸ್ ಬಿಚ್ಚಲು ಹೇಳಿದರೆ ಯಜಮಾನರು ಎರಡೂ ಕೈಯಲ್ಲಿ ಎದೆಗವಚಿ ಹಿಡಿದಿರಲಿ.

ಲಗೇಜ್ ಜಾಗ ಯಾಕೆ ಬೇಡ ಅಂದೆ? ಪ್ರಾಣಿಗಳನ್ನು ಇಡುವ ಆ ಭಾಗದಲ್ಲೂ ಒತ್ತಡ ಮೇಲಿನಷ್ಟೇ ಇರುತ್ತದೆ, ಉಸಿರು ಕಟ್ಟುವುದಿಲ್ಲ. ಆದರೆ ವಿಮಾನ ಬಿಸಿಲಲ್ಲಿ ನಿಂತಿರುವಾಗ ಅಲ್ಲಿ ಸೆಕೆ ಏರುತ್ತದೆ, ಪಂಜರ ಟ್ರಾಲಿಯ ಮೇಲೆ ಕಾಯಬೇಕು, ಉಸಿರು ಏರಿದರೆ ನೋಡುವವರು ಯಾರೂ ಇಲ್ಲ. ಪಗ್, ಬುಲ್‌ಡಾಗ್ ಥರ ಚಪ್ಪಟೆ ಮೂಗಿನ ನಾಯಿ ಇರುವವರು ಇದನ್ನು ಇನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು. ಅಮೆರಿಕದ ಸಾರಿಗೆ ಇಲಾಖೆ 2010ರಲ್ಲಿ ಬಿಡುಗಡೆ ಮಾಡಿದ ಲೆಕ್ಕದಲ್ಲಿ, ಐದು ವರ್ಷದಲ್ಲಿ ವಿಮಾನ ಪ್ರಯಾಣದಲ್ಲಿ ಸತ್ತ 122 ನಾಯಿಗಳ ಪೈಕಿ ಸುಮಾರು ಅರ್ಧ ಇಂಥ ಮೋಟು ಮೂಗಿನವೇ. ಇಂಗ್ಲಿಷ್ ಬುಲ್‌ಡಾಗ್ ಒಂದೇ 25. ಪಿಂಟುವಿನ ಮೂತಿ ಉದ್ದ, ಆ ಮಟ್ಟಿಗೆ ಪುಣ್ಯ.

ವಿಮಾನದಲ್ಲಿ ಅರ್ಧ ಗಂಟೆಗೊಮ್ಮೆ ಜಾಲರಿಯಿಂದ ಕೈ ಆಡಿಸಿ ಪಕ್ಕೆ ಮುಟ್ಟಿ ನೋಡಿ. ಎಚ್ಚರವಾಗಿದ್ದಾಗ ಉಸಿರು ಮನೆಯಲ್ಲಿ ಬರೆದ ಅಂಕಿಗಿಂತ ಜಾಸ್ತಿ ಇರುವುದು ಸಹಜ. ಬಾಯಿ ತೆರೆದು ಹೊಟ್ಟೆ ಒತ್ತಿ ಒತ್ತಿ ಉಸಿರಾಡುತ್ತಿದ್ದರೆ, ತುಟಿ ಎತ್ತಿ ಒಸಡು ನೋಡಿದಾಗ ಗುಲಾಬಿ ಬಣ್ಣ ಹೋಗಿ ಬೂದು ಅಥವಾ ನೀಲಿ ಕಂಡರೆ ತಕ್ಷಣ ಸಿಬ್ಬಂದಿಯನ್ನು ಕರೆಯಿರಿ, ಆಮ್ಲಜನಕ ಕೇಳಿ. ಇಂಥ ಹೊತ್ತಿಗೆ ಫ್ಯುರೋಸೆಮೈಡ್ ಇನ್ನೆಷ್ಟು ಕೊಡಬೇಕು ಎಂಬುದನ್ನು ಡಾಕ್ಟರಿಂದ ಮೊದಲೇ ಚೀಟಿಯಲ್ಲಿ ಬರೆಸಿ ಇಟ್ಟುಕೊಂಡಿರಬೇಕು. ಮಾತ್ರೆ ಕೆಲಸ ಮಾಡಲು ಹೆಚ್ಚುಕಮ್ಮಿ ಒಂದು ಗಂಟೆ ಬೇಕು, ಹಾಗಾಗಿ ದೆಹಲಿ ಬಂದ ಮೇಲೆ ನೋಡೋಣ ಅಂತ ಕಾಯಬಾರದು. ಔಷಧಿಗಳೆಲ್ಲ ಕೈಚೀಲದಲ್ಲೇ ಇರಲಿ.

ರೈಲಿನ ಬಗ್ಗೆ ಕೇಳಿದ್ದೀರಿ. ಎಸಿ ಫಸ್ಟ್ ಕ್ಲಾಸಿನಲ್ಲಿ ಎರಡು ಬರ್ತಿನ ಕೂಪೆಯನ್ನೋ ನಾಲ್ಕು ಬರ್ತಿನ ಕ್ಯಾಬಿನ್ನನ್ನೋ ಪೂರ್ತಿ ನೀವೇ ಕಾಯ್ದಿರಿಸಿದರೆ ಮಾತ್ರ ನಾಯಿ ಜೊತೆಗಿರಬಹುದು. ಇಲ್ಲದಿದ್ದರೆ ಗಾರ್ಡಿನ ಬ್ರೇಕ್ ವ್ಯಾನಿನ ನಾಯಿ ಪೆಟ್ಟಿಗೆ. ಅದು ಪಿಂಟುಗೆ ಖಂಡಿತ ಬೇಡ. ಬೆಂಗಳೂರು ರಾಜಧಾನಿಯಲ್ಲಿ ಕೂಪೆ ಸಿಕ್ಕರೆ ಎತ್ತರದ ಸಮಸ್ಯೆ ಇಲ್ಲ, ಚೀಲದಲ್ಲಿ ಮುದುರಿಕೊಳ್ಳಬೇಕಿಲ್ಲ, ಅವನು ನಿಮ್ಮ ಕಾಲ ಬಳಿಯೇ ಮಲಗಿರುತ್ತಾನೆ. ಆದರೆ ಕೂಪೆ ಸಿಕ್ಕಿದೆಯೋ ಇಲ್ಲವೋ ಗೊತ್ತಾಗುವುದು ಚಾರ್ಟ್ ಆದ ಮೇಲೆ. ಪ್ರಯಾಣ ಎರಡು ರಾತ್ರಿ ಒಂದು ಹಗಲು. ಜೂನ್ ಸೆಕೆಯಲ್ಲಿ ನಾಗ್ಪುರ, ಭೋಪಾಲ್ ಕಡೆ ಪ್ಲಾಟ್‌ಫಾರಂಗೆ ಉಚ್ಚೆಗೆ ಇಳಿಸುವುದೇ ಒಂದು ಸಾಹಸ. ನಡುದಾರಿಯಲ್ಲಿ ಉಸಿರು ಕೆಟ್ಟರೆ ಮುಂದಿನ ದೊಡ್ಡ ಊರು ಬರುವವರೆಗೆ ಏನೂ ಮಾಡಲಾಗದು. ಚೀಲಕ್ಕೆ ಒಗ್ಗಿದ ನಾಯಿಗೆ ವಿಮಾನ, ಒಗ್ಗದ ನಾಯಿಗೆ ರೈಲು. ಇದು ನನ್ನ ಲೆಕ್ಕ. ಬೇರೆ ಡಾಕ್ಟರು ಬೇರೆ ಹೇಳಬಹುದು.

ಸಕ್ಕರೆ ಕಾಯಿಲೆ, ಮೂರ್ಛೆ ರೋಗದ ನಾಯಿ ಇರುವವರಿಗೂ ಎರಡು ಮಾತು. ಸಕ್ಕರೆ ಕಾಯಿಲೆಯ ನಾಯಿಯನ್ನು ಪ್ರಯಾಣಕ್ಕೆಂದು ಉಪವಾಸ ಕೆಡವಿ ಮಾಮೂಲು ಇನ್ಸುಲಿನ್ ಚುಚ್ಚಬೇಡಿ, ಸಕ್ಕರೆ ಕುಸಿಯುತ್ತದೆ. ಮೂರ್ಛೆಯ ಮಾತ್ರೆ ಒಂದು ಹೊತ್ತೂ ತಪ್ಪಬಾರದು.

ಕೊನೆಗೆ ತಿಂಗಳಿನ ವಿಚಾರ. ಜೂನ್ ಮೊದಲ ವಾರ ದೆಹಲಿಯಲ್ಲಿ ಹಗಲಿನ ಶಾಖ 40 ಡಿಗ್ರಿ ದಾಟಿರುತ್ತದೆ, ರಾತ್ರಿಯೂ ಸೆಕೆ. ಇದಕ್ಕೆ ನನಗೊಂದು ದಾರಿ ತೋರುತ್ತದೆ, ನಿಮ್ಮ ಮನೆಗೆ ಹೊಂದುತ್ತದೋ ನೋಡಿ. ಬಾಣಂತನಕ್ಕೆ ಬೇಕಾದವರು ಮೊದಲು ನೀವು. ನೀವು ಹೊರಡಿ. ಯಜಮಾನರು ಪಿಂಟು ಜೊತೆ ಮೈಸೂರಿನಲ್ಲೇ ಇದ್ದು, ದೆಹಲಿಯಲ್ಲಿ ಮಳೆ ಹಿಡಿದು ಶಾಖ ಇಳಿದ ಮೇಲೆ, ಆಗಸ್ಟ್ ಕೊನೆಗೋ ಸೆಪ್ಟೆಂಬರಿಗೋ ಬರಲಿ. ಅಷ್ಟರಲ್ಲಿ ಚೀಲದ ಅಭ್ಯಾಸವೂ ಆಗಿರುತ್ತದೆ, ಕ್ಯಾಲೆಂಡರಿನಲ್ಲಿ ಅಂಕಿಯೂ ತುಂಬಿರುತ್ತದೆ. ಮೊಮ್ಮಗುವನ್ನು ನೋಡಲು ಅಷ್ಟು ದಿನ ಕಾಯಲು ಅವರು ಒಪ್ಪುತ್ತಾರೋ ಇಲ್ಲವೋ, ಅದು ಡಾಕ್ಟರು ಬಗೆಹರಿಸುವ ವಿಷಯವಲ್ಲ! ಒಪ್ಪದಿದ್ದರೆ, ಜೂನ್‌ನಲ್ಲೇ ಹೋಗಲೇಬೇಕಾದರೆ, ಎಸಿ ಹಾಕಿದ ಕಾರು ನಿಲ್ದಾಣದ ಹೊರಗೆ ಕಾಯುತ್ತಿರಲಿ. ಅಲ್ಲಿ ವಾಕಿಂಗ್ ಬೆಳಿಗ್ಗೆ ಆರರ ಒಳಗೆ ಮುಗಿಯಲಿ. ಎಕೋ ಯಂತ್ರ ಇರುವ, ರಾತ್ರಿಯೂ ತೆರೆದಿರುವ ಪ್ರಾಣಿ ಆಸ್ಪತ್ರೆ ಮಗಳ ಮನೆಗೆ ಹತ್ತಿರದಲ್ಲಿ ಯಾವುದು ಅಂತ ಅಳಿಯಂದಿರು ಈಗಲೇ ನೋಡಿಟ್ಟಿರಲಿ. ಪಿಂಟುವಿನ ಕಾಗದಗಳನ್ನೂ ಅಲ್ಲಿಗೆ ಮೊದಲೇ ಕಳುಹಿಸಿ.

ವಾಪಸ್ ಬರುವ ಟಿಕೆಟ್ ತೆಗೆಯುವಾಗಲೂ ಯೋಚಿಸಿ. ಐದು ತಿಂಗಳು ಅಂದರೆ ನವೆಂಬರ್ ಆಗುತ್ತದೆ. ದೀಪಾವಳಿಯ ಆಸುಪಾಸಿನಿಂದ ದೆಹಲಿಯ ಗಾಳಿ ಹೊಗೆಯಿಂದ ಕೆಡುತ್ತದೆ, ಕೆಮ್ಮುವ ನಾಯಿಗೆ ಅದು ಬಿಸಿಲಷ್ಟೇ ಕೆಟ್ಟದ್ದು. ಡಿಸೆಂಬರ್, ಜನವರಿಯಲ್ಲಿ ಮಂಜು ಬಿದ್ದು ವಿಮಾನಗಳು ಗಂಟೆಗಟ್ಟಲೆ ತಡವಾಗುತ್ತವೆ. ಅಕ್ಟೋಬರ್ ಮಧ್ಯದೊಳಗೆ ಮರಳಿ ಬನ್ನಿ. ಆಗದಿದ್ದರೆ ಪಿಂಟುವನ್ನಾದರೂ ಯಜಮಾನರ ಜೊತೆ ಮೊದಲು ಕಳುಹಿಸಿಬಿಡಿ.